ಎರಡು ಸಲ ಬಿದ್ದ ಉಪ್ಪು

ಹಿಟ್ಟು ತುಂಬಿದ ಅಳತೆ ಬಟ್ಟಲನ್ನು ಅವಳು ಮೇಜಿಗೆ ಮೆಲ್ಲಗೆ ಕುಟ್ಟಿದಳು.

"ಕುಟ್ಟಬೇಡಿ ಅಂತ ಎಷ್ಟು ಸಲ ಹೇಳ್ಲಿ!" ಬೇಕರಿಯವನ ದನಿ ಒಲೆಗಿಂತ ಬಿಸಿಯಾಗಿತ್ತು. "ಕುಟ್ಟಿದ್ರೆ ಹಿಟ್ಟು ಇಳಿದು ಕೂರುತ್ತೆ, ಜಾಸ್ತಿ ಹಿಡಿಯುತ್ತೆ. ಕೇಕು ಕಲ್ಲಾಗುತ್ತೆ. ಚಮಚದಲ್ಲಿ ಸಡಿಲವಾಗಿ ತುಂಬಿ, ಚಾಕುವಿನ ಬೆನ್ನಿಂದ ಸವರಿ!"

"ಸರಿ ಮೇಷ್ಟ್ರೇ..."

ಅದು ಅವಳೇ ಇಟ್ಟ ಹೆಸರು. ಅವಳು ಕಲಿಯಲು ಬಂದ ಹೊಸತರಲ್ಲಿ ಅದನ್ನು ಕೇಳಿ ನಗುತ್ತಿದ್ದ. ಈಗೀಗ ಮುಖ ಗಂಟು ಹಾಕಿಕೊಂಡೇ ಇರುತ್ತಾನೆ.

ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆ ಸೇರಿದವಳಿಗೆ ತನ್ನದೆನಿಸಿದ್ದು ಈ ಬೇಕರಿಯ ಕೋಣೆಯೊಂದೇ. ಈಗ ಅಣ್ಣನಿಗೆ ದೂರದ ಊರಿಗೆ ವರ್ಗವಾಗಿತ್ತು. ನಾಳೆ ಲಾರಿ ಹೊರಡುತ್ತದೆ, ಅವಳೂ ಹೊರಡಬೇಕು. 'ಇರಿ' ಎಂದು ಈತ ಒಂದು ಮಾತು ಅಂದಿದ್ದರೆ...

ಅಂಗಡಿ ನೋಡಿಕೊಳ್ಳುವ ಅವನ ಅಕ್ಕ ಅರ್ಧ ತಿಂದ ಕೇಕು ಹಿಡಿದು ಒಳಗೆ ನುಗ್ಗಿದಳು.

"ಏನೋ ಇದು, ಸಮುದ್ರಾನೇ ಕಲಸಿದ್ದೀರಾ? ಗಿರಾಕಿ ಉಗಿದು ಹೋದ್ರು!"

ಅವನು ಇವಳತ್ತ ತಿರುಗಿದ. "ಉಪ್ಪು ಅಳೆಯೋಕೂ ಬಾರದವರು ಇಲ್ಲಿ ಯಾಕಿರಬೇಕು? ಅಣ್ಣನ ಜೊತೆ ಹೊರಡಿ."

ಅಕ್ಕ ತಲೆ ಚಚ್ಚಿಕೊಂಡು ಅಂಗಡಿಗೆ ಮರಳಿದಳು. ಏಪ್ರನ್ನಿನ ಗಂಟು ಬಿಚ್ಚಲು ಇವಳ ಕೈ ಬೆನ್ನಿಗೆ ಹೋಯಿತು.

ಅವನಾಗಲೇ ಹೊಸ ಮಿಶ್ರಣ ಕಲಸತೊಡಗಿದ್ದ. ಉಪ್ಪು ಹಾಕಿದ. ಬೆರಳಿಗೆ ಹಚ್ಚಿಕೊಂಡು ನೆಕ್ಕಿದ. ಉಪ್ಪು ಬಿದ್ದಿದೆಯೋ ಇಲ್ಲವೋ ಎಂಬುದನ್ನು ನಾಲಿಗೆಯಿಂದಲೇ ತಿಳಿಯುವುದು ಅವನ ಹಳೆಯ ಅಭ್ಯಾಸ. ಕ್ಷಣ ಅನುಮಾನಿಸಿದ. ಇನ್ನೊಮ್ಮೆ ಉಪ್ಪು ಹಾಕಿದ!

ಅವಳು ಹತ್ತಿರ ಹೋಗಿ ತಾನೂ ನೆಕ್ಕಿದಳು. ನಾಲಿಗೆ ಚುರ್ರೆಂದಿತು.

"ಹೇಗಿದೆ ಮೇಷ್ಟ್ರೇ?"

"ಚೆನ್ನಾಗಿದೆ."

"ನಿಮಗೆ... ರುಚಿ ಗೊತ್ತಾಗ್ತಿಲ್ಲ, ಅಲ್ವಾ?"

ಅವನು ಮೇಜು ಹಿಡಿದು ನಿಂತ.

"ಗಂಟಲಿನ ಕ್ಯಾನ್ಸರ್ ಗಡ್ಡೆಗೆ ಆಸ್ಪತ್ರೇಲಿ ಕರೆಂಟು ಕೊಟ್ರಲ್ಲ, ರೇಡಿಯೇಷನ್ನು, ಅವತ್ತಿಂದ ನಾಲಿಗೆ ಸೋಲ್ತಾ ಬಂತು. ಗಡ್ಡೆ ಮತ್ತೆ ಬಂದಿದೆ. ಅಕ್ಕಂಗೂ ಹೇಳಿಲ್ಲ. ಆ ಕೇಕಿಗೆ ಉಪ್ಪು ಜಾಸ್ತಿ ಹಾಕಿದ್ದು ನಾನೇ ಅಂತ ನಿಜವಾಗ್ಲೂ ಗೊತ್ತಿರ್ಲಿಲ್ಲ ಕಣ್ರೀ..."

"ಅದಕ್ಕೇ ದಿನಾ ಬೈತಿದ್ರಾ?"

"ಕಾಯಿಲೆ ಬಿದ್ದ ಗಂಡನ ತಲೆದೆಸೇಲಿ ಕೂತು ಎದ್ದವರು ನೀವು. ಇನ್ನೊಂದು ಸಲ ಯಾಕೆ? ಇಷ್ಟಪಟ್ಟವರನ್ನ ಓಡಿಸೋಕೆ ಬೈಗುಳ ಬಿಟ್ರೆ ನನಗೇನೂ ಬರಲ್ಲ."

ಇಷ್ಟಪಟ್ಟವರನ್ನ! ತಾನು ಕಾದಿದ್ದ ಮಾತು ಬಂದದ್ದು ಇಂಥ ಹೊತ್ತಿನಲ್ಲಿ... ಅವಳು ಮಿಶ್ರಣವನ್ನೆಲ್ಲ ಚೆಲ್ಲಿದಳು. ಖಾಲಿ ಪಾತ್ರೆಯನ್ನು ತೂಕದ ಯಂತ್ರದ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತಂದಳು.

"ಉಪ್ಪು ತೂಗಿ ಹಾಕಿ. ರುಚಿ ನಾನು ನೋಡ್ತೀನಿ."

"ನಾಳೆ ಯಾರು ನೋಡ್ತಾರೆ?"

"ನಾಳೆ ಮಾತು ನಾಳೆಗೆ. ಕಣ್ಣೊರೆಸ್ಕೊಳ್ಳಿ, ಅದೂ ಉಪ್ಪೇ."

ಅವನು ಅಳುತ್ತಲೇ ನಕ್ಕ.

ಫೋನು ಬಂತು. "ಬಟ್ಟೆ ಕಟ್ಟಿದ್ಯೇನಮ್ಮಾ?" ಅಣ್ಣನ ದನಿ.

"ಬಂದು ನೋಡ್ತೀನಣ್ಣ."

ಮುಂದೇನು ಕಾದಿದೆಯೆಂದು ಅವಳಿಗೆ ಗೊತ್ತಿತ್ತು. ಆಸ್ಪತ್ರೆಯ ಆ ಬೆಂಚು, ಗಂಜಿಯೂ ಇಳಿಯದ ಗಂಟಲು, ಕೊನೆಗೆ ಖಾಲಿಯಾಗುವ ಹಾಸಿಗೆ... ಎಲ್ಲ ಒಮ್ಮೆ ಕಂಡದ್ದೇ.

ಮನೆಗೆ ಹೋದೊಡನೆ, ಲಾರಿಗೆಂದು ಪೇರಿಸಿಟ್ಟ ಸಾಮಾನಿನೊಳಗಿಂದ ತನ್ನ ಪೆಟ್ಟಿಗೆಯನ್ನಷ್ಟೇ ಎಳೆದು ಈಚೆಗಿಡಬೇಕು ಎಂದುಕೊಂಡಳು.

ಅಣ್ಣನಿಗೆ ಹೇಳಲಿಲ್ಲ. ಮೇಷ್ಟ್ರಿಗೂ ಹೇಳಲಿಲ್ಲ.