ಹೊಡೆಯದ ಏಟಿಗೆ ಸೆರೆ

ಪಂಚಾಯ್ತಿ ಕಚೇರಿಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ.

ಹೊರಗಿನಿಂದ ಒಂದೇ ಸಮನೆ ಏಟು ಬೀಳುತ್ತಿತ್ತು. ನರ್ಸಿಸಾ! ಅವಳ ಕೈಯಲ್ಲಿ ಹಂದಿ ಸುಡುವ ಬಿದಿರಿನ ಗಳು.

ನಾನು ಗೌಡೆನ್ಸಿಯೊ. ಬೊಹೋಲ್ ದ್ವೀಪದ ನಮ್ಮೂರಿನ ಕಾವಲುಪಡೆಯ ಮುಖ್ಯಸ್ಥ. ಚಾಕು ಹಿಡಿದವರನ್ನು ಬರಿಗೈಲಿ ಕೆಡವಿದವನು. ಆದರೆ ಯಾರದೋ ಗಂಡನನ್ನು ಕೂಡಿಹಾಕಿದ ಮೇಲೆ ಅವನ ಹೆಂಡತಿಯ ಮುಂದೆ ಲಾಠಿ ನಡೆಯುವುದಿಲ್ಲ ನೋಡಿ...

ಆಗಿದ್ದು ಇಷ್ಟು. ಊರಹಬ್ಬದ ಹಾಡಿನ ಸ್ಪರ್ಧೆಗೆ ಪ್ರತಿ ವರ್ಷ ಊರಿನ ಅಧ್ಯಕ್ಷೆಯ ಗಂಡ ಲಿಯೊಪೋಲ್ಡೊನೇ ಜಡ್ಜ್. ನರ್ಸಿಸಾಳ ಗಂಡ, ಬಾಡಿಗೆ ಟ್ರೈಸಿಕಲ್ ಓಡಿಸುವ ಎಲ್ಪಿಡಿಯೊನಿಗೆ ಹೋದ ಸಲ ಸೊನ್ನೆ ಕೊಟ್ಟಿದ್ದ. ಈ ಸಲ ಸಂಜೆಯ ಸ್ಪರ್ಧೆಯಲ್ಲಿ ಎಲ್ಪಿಡಿಯೊ ಜಡ್ಜನ ಮೂತಿಗೆ ಗುದ್ದುತ್ತಾನಂತೆ ಎಂದು ಮೀನಂಗಡಿಯಲ್ಲಿ ಸುದ್ದಿ ಹಬ್ಬಿತ್ತು. ಗುದ್ದುವ ಮೊದಲೇ ಒಳಗೆ ಹಾಕು ಎಂದಳು ಅಧ್ಯಕ್ಷೆ. ಕಚೇರಿಯ ಉಗ್ರಾಣಕ್ಕೆ ಹಾಕಿ ಬೀಗ ಜಡಿದೆ.

"ನಾನೇನು ಮಾಡಿದೆ ಅಣ್ಣಾ?"

"ಏನೂ ಮಾಡಿಲ್ಲ. ಸಂಜೆ ಮಾಡ್ತೀಯಲ್ಲ, ಅದಕ್ಕೆ."

"ನಂಗೆ ಅಂಥ ಯೋಚ್ನೆನೇ ಇರ್ಲಿಲ್ಲ." ಒಳಗಿನಿಂದ ಬೆರಳಿನ ನೆಟಿಕೆ ಮುರಿದ ಸದ್ದು ಕೇಳಿಸಿತು. "ಈಗ ಬಂತು."

ಬೀಗದ ಕೈ ಜೇಬಿಗಿಡುವಷ್ಟರಲ್ಲಿ ನರ್ಸಿಸಾ ಬಂದು ಹೊರಬಾಗಿಲು ಬಡಿಯತೊಡಗಿದ್ದಳು.

ಚಿಲಕ ಕಿತ್ತುಬಂತು. ನರ್ಸಿಸಾ ನುಗ್ಗಿದಳು.

ಮೇಜಿನ ಸುತ್ತ ನಾನು ಓಡಿದೆ. ಅವಳೂ ಓಡಿದಳು. ಕೊನೆಗೆ ಏದುಸಿರು ಬಿಡುತ್ತ ಗಳು ಎಸೆದಳು.

"ಮನಸಲ್ಲಿ ಅಂದ್ಕೊಂಡ್ರೆ ಸಾಕಲ್ವಾ ನಿಮ್ಮ ಕಾನೂನಿಗೆ? ನಂಗೂ ಆ ಜಡ್ಜಿಗೆ ಗುದ್ಬೇಕು ಅನ್ಸುತ್ತೆ. ಹಾಕಪ್ಪ ಒಳಗೆ."

ಉಗ್ರಾಣದ ಬೀಗ ತೆಗೆದೆ. ಅವಳನ್ನೂ ಹಾಕಿದೆ.

ಹಿಂದೆಯೇ ಬ್ರೆಡ್ ಅಂಗಡಿಯವನು ಬಂದ. ಚರ್ಚಿನಲ್ಲಿ ಹಾಡುವ ಹೆಂಗಸರು ಸಾಲಾಗಿ ಬಂದರು. ಎಲ್ಲರಿಗೂ ಒಂದೊಂದು ಹಳೆಯ ಸೊನ್ನೆ, ಎಲ್ಲರಿಗೂ ಗುದ್ದುವ ಆಸೆ. ಉಗ್ರಾಣ ತುಂಬಿತು. ಯಾರೋ ಸುಟ್ಟ ಹಂದಿ ತಂದರು, ಯಾರೋ ಮೈಕ್ ತಂದರು. ಎಲ್ಪಿಡಿಯೊ ಹಾಡಿದ. ನಿಜ ಹೇಳಬೇಕೆಂದರೆ, ಚೆನ್ನಾಗಿಯೇ ಹಾಡಿದ.

ಅತ್ತ ಸ್ಪರ್ಧೆಯ ಖಾಲಿ ಮೈದಾನದಲ್ಲಿ ಜಡ್ಜ್ ಒಬ್ಬನೇ ಕೂತಿದ್ದನಂತೆ. ಅಧ್ಯಕ್ಷೆ ಬೆವರುತ್ತ ಓಡಿಬಂದು ಎಲ್ಲರನ್ನೂ ಬಿಡು ಎಂದಳು.

"ಆಮೇಲೆ ಗುದ್ದಿದ್ರೆ ಮೇಡಂ?"

"ಗುದ್ದಿದ ಮೇಲೆ ಹಿಡಿಯಪ್ಪ."

ಬೀಗ ತೆಗೆದೆ. ಒಬ್ಬರೂ ಹೊರಗೆ ಬರಲಿಲ್ಲ. ಅಷ್ಟರಲ್ಲಿ ಲಿಯೊಪೋಲ್ಡೊ ಬಾಗಿಲಲ್ಲಿ ನಿಂತಿದ್ದ, ಮುಖ ಬಾಡಿತ್ತು. ನಾನೂ ಒಳಗೆ ಬರಬಹುದಾ ಎಂದು ಮೆಲ್ಲಗೆ ಕೇಳಿದ.

ಎಲ್ಲರ ಕಣ್ಣು ಎಲ್ಪಿಡಿಯೊನ ಮುಷ್ಟಿಯ ಮೇಲೆ.

ಎಲ್ಪಿಡಿಯೊ ಸರಿದು ಜಾಗ ಮಾಡಿದ. ಮೈಕನ್ನೂ ಅವನ ಕೈಗಿಟ್ಟ.

ಜಡ್ಜ್ ಕಣ್ಣು ಮುಚ್ಚಿ ಹಾಡತೊಡಗಿದ. ಒಂದು ಚರಣ... ಎರಡು ಚರಣ... ನಾಯಿಗಳು ಎದ್ದು ಹೋದವು.

ಮೂರನೆಯ ಚರಣಕ್ಕೆ ನಾನೇ ಗುದ್ದಿದೆ.