ಮೇಣ ಒಡೆಯದ ಬಾಟಲಿ

ಜನ್ಮದಲ್ಲಿ ಹೆಂಡದ ಹನಿ ಮುಟ್ಟದ ನನ್ನ ಮೇಲೆ ಅಳಿಯ ಕದ್ದು ಕುಡಿದ ಅಪವಾದ ಹೊರಿಸಿದ. ಆ ಸಿಟ್ಟಿಗೇ ಇದನ್ನು ಹೇಳುತ್ತಿದ್ದೇನೆ.

ಸತ್ತವರೊಬ್ಬರ ಮನೆಸಾಮಾನಿನ ಹರಾಜಿನಲ್ಲಿ ಅವನು ರೆಕಾರ್ಡ್ ಪ್ಲೇಯರನ್ನೂ ಬಲ್ಬಿನಂಥ ಗಾಜಿನ ವಾಲ್ವುಗಳ ಹಳೇ ಆಂಪ್ಲಿಫೈಯರನ್ನೂ ತಂದ. ಅದೇ ಮನೆಯ ವೈನ್ ಬಾಟಲಿಗಳನ್ನೂ ಬಿಡಲಿಲ್ಲ. ಬಾಯಿಗೆ ಕೆಂಪು ಮೇಣ ಹಾಕಿದ ಬಾಟಲಿಗಳು. ಕುಡಿಯುವುದಕ್ಕಲ್ಲವಂತೆ, ಇಟ್ಟುಕೊಳ್ಳುವುದಕ್ಕಂತೆ.

ದಿನಾ ಮಧ್ಯಾಹ್ನ ನಾನೊಬ್ಬನೇ ಕೂತು ಹಾಡು ಕೇಳುತ್ತಿದ್ದೆ. ಎರಡು ಹಾಡುಗಳ ನಡುವೆ, ಮೇಜಿನ ಮೇಲೆ ಗಾಜಿನ ಲೋಟ ಇಟ್ಟಂತೆ ‘ಟಿಣ್’ ಎನ್ನುತ್ತಿತ್ತು. ರೆಕಾರ್ಡಿಗೆ ಗೀರು ಬಿದ್ದಿರಬೇಕೆಂದು ಬೇರೆಯದನ್ನು ಹಾಕಿದೆ. ಅದರಲ್ಲೂ ಟಿಣ್. ವಾಲ್ವುಗಳು ಕೆಂಡದಂತೆ ಹೊಳೆಯುತ್ತಿದ್ದವು; ಮುಟ್ಟಿದರೆ ಬಾವಿನೀರಿನಷ್ಟು ತಣ್ಣಗೆ.

ಒಂದು ಸಂಜೆ ಅಳಿಯ ಬಾಟಲಿಯೊಂದನ್ನು ಬೆಳಕಿಗೆ ಹಿಡಿದ. ಅರ್ಧ ಇಳಿದಿತ್ತು.

“ಮಾವ, ಬೇಕಿದ್ರೆ ಕೇಳ್ಬಾರ್ದಿತ್ತಾ?”

“ಮೇಣ ಒಡೆದಿದ್ಯಾ ನೋಡಿ ಅಳಿಯಂದ್ರೆ! ಚುಚ್ಚಿ ಹೀರೋಕೆ ನಾನೇನು ಸೊಳ್ಳೆನಾ?”

“ಹೋಗ್ಲಿ ಬಿಡ್ರೀ, ಅಪ್ಪಂಗೆ ವಯಸ್ಸಾಯ್ತು,” ಎಂದಳು ಮಗಳು ಗಂಡನಿಗೆ. ಮೈಯೆಲ್ಲ ಉರಿದುಹೋಯಿತು.

ಮರುದಿನ ಅಳಿಯನನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಆ ಬಾಟಲಿಯನ್ನು ಎದುರಿಗಿಟ್ಟು ಹಾಡು ಹಾಕಿದೆ. ಒಂದೊಂದು ಟಿಣ್‌ಗೂ ವೈನ್ ಕೂದಲೆಳೆಯಷ್ಟು ಇಳಿಯಿತು. ಅವನ ಮುಖ ಬಿಳಚಿಕೊಂಡಿತು. ಆದರೂ ತಪ್ಪಾಯಿತೆಂಬ ಮಾತು ಬಾಯಿಂದ ಬರಲಿಲ್ಲ. ಬಾಟಲಿಗಳನ್ನೆಲ್ಲ ಬೀರುವಿಗೆ ತುಂಬಿ, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡ. ಅದೂ ನನ್ನ ಕಣ್ಣೆದುರಿಗೇ!

ಅವತ್ತಿನಿಂದ ಯಾರೂ ರೆಕಾರ್ಡ್ ಹಾಕಿಲ್ಲ. ನಿನ್ನೆ ಅವನೇ ಬೀರು ತೆಗೆದ. ಬಾಟಲಿಗಳೆಲ್ಲ ಖಾಲಿ, ಒಂದರ ಮೇಣವೂ ಒಡೆದಿರಲಿಲ್ಲ. ತಿರುಗಿದವನೇ ನನ್ನ ಬಾಯಿ ಮೂಸಿದ.