ಮೂವತ್ತೇಳನೆಯ ಮೊಹರು

ಆಲ್ಟರೇಷನ್ ಅಂಗಡಿಯ ಬಾಗಿಲಲ್ಲಿ ಲೈಬ್ರರಿಯ ಬೈಂಡರ್ ಬಂದು ನಿಂತಾಗ ಅವಳ ಸೂಜಿ ಬಟ್ಟೆ ಬಿಟ್ಟು ಬೆರಳಿಗೆ ಚುಚ್ಚಿತು. ಅವನ ಕೈಯಲ್ಲಿ ಅದೇ ಪುಸ್ತಕ. "ತುಂಬಾ ಚೆನ್ನಾಗಿತ್ತು, ಬಿಡದೆ ಓದಿದೆ" ಎಂದು ಹಸೀ ಸುಳ್ಳು ಹೇಳಿ ನಿನ್ನೆಯಷ್ಟೇ ಲೈಬ್ರರಿಗೆ ಹಿಂದಿರುಗಿಸಿದ್ದ ಮೂವತ್ತೇಳನೆಯ ಪುಸ್ತಕ.

"ಸ್ವಲ್ಪ ಮಾತಾಡಬೇಕಿತ್ತು," ಎಂದ.

ಸಿಕ್ಕಿಬಿದ್ದೆ ಅಂದುಕೊಂಡಳು.

ವರ್ಷಕ್ಕೆ ಐವತ್ತು ಪುಸ್ತಕ ಓದುತ್ತೇನೆಂದು ತನಗೆ ತಾನೇ ಪಂಥ ಹಾಕಿಕೊಂಡವಳು ಅವಳು. ಯಾರೂ ಕೇಳಿರಲಿಲ್ಲ, ಬಹುಮಾನ ಕೊಡುವವರೂ ಇರಲಿಲ್ಲ. ಎದುರಿನ ಲೈಬ್ರರಿಯಲ್ಲಿ ಹರಿದ ಪುಸ್ತಕ ಹೊಲಿಯುವ ಈ ಬೈಂಡರ್‌ಗೆ ವಿಷಯ ಗೊತ್ತಾದದ್ದೇ ತಡ, ರಟ್ಟಿನ ಮೇಲೆ ಐವತ್ತು ಚೌಕ ಎಳೆದು ತನ್ನ ಕೋಣೆಯ ಗೋಡೆಗೆ ನೇತುಹಾಕಿದ. ಅವಳು ಒಂದು ಪುಸ್ತಕ ಮುಗಿಸಿದರೆ ಒಂದು ಚೌಕಕ್ಕೆ ನೀಲಿ ಮೊಹರು. ಆಮೇಲೆ "ಹೇಗಿತ್ತು?" ಎನ್ನುತ್ತಿದ್ದ. ಗೋಂದು ಮೆತ್ತಿದ ಬೆರಳು ಒರೆಸಿಕೊಳ್ಳುತ್ತ ತಲೆ ತಗ್ಗಿಸಿಯೇ ಕೇಳಿಸಿಕೊಳ್ಳುತ್ತಿದ್ದವನು, ಅವಳ ಮಾತು ಮುಗಿದಾಗ ಒಮ್ಮೆ ಕಣ್ಣೆತ್ತಿ ನೋಡುತ್ತಿದ್ದ. ಆ ಒಂದು ನೋಟಕ್ಕೆ ಪಾಪ, ಅವಳು ಇಡೀ ವಾರ ಕಾಯಬೇಕು.

ಮೂವತ್ತು ಪುಸ್ತಕದವರೆಗೆ ಕಾದಳು. ಆಮೇಲೆ ಆಗಲಿಲ್ಲ. ಮೊದಲ ಇಪ್ಪತ್ತು ಪುಟ, ಕೊನೆಯ ಅಧ್ಯಾಯ ಓದಿ ಎರಡೇ ದಿನಕ್ಕೆ ಹಿಂದಿರುಗಿಸತೊಡಗಿದಳು. ಏಳು ಕಳ್ಳ ಮೊಹರು! ಅವನು ಪ್ರತಿ ಸಲ ಒತ್ತುವಾಗಲೂ ಇವಳ ಎದೆ ಡವಡವ. ಮಧ್ಯದ ಪುಟದಿಂದ ಒಂದು ಪ್ರಶ್ನೆ ಕೇಳಿದರೆ ಮುಗಿಯಿತು, ಇನ್ನು ಮುಖವೆತ್ತಿ ಆ ಕೋಣೆಗೆ ಹೋಗುವ ಹಾಗಿಲ್ಲ.

"ಏನು ಸ್ವಾಮಿ, ಪ್ಯಾಂಟ್ ಉದ್ದ ಆಯ್ತಾ, ಗಿಡ್ಡ ಆಯ್ತಾ?" ಹೊಲಿಗೆ ಮಿಷನ್ ತುಳಿಯುತ್ತಲೇ ಅಂಗಡಿಯ ಒಡತಿ, ಅವಳ ಅತ್ತಿಗೆ, ಕೇಳಿದಳು.

"ಎರಡೂ ಅಲ್ಲಕ್ಕಾ. ನನ್ನ ಹೊಲಿಗೆನೇ ಕೆಟ್ಟಿದೆ."

ಅವನು ಪುಸ್ತಕ ಬಿಚ್ಚಿದ. ನೂರ ಹನ್ನೆರಡನೇ ಪುಟದ ನಂತರ ಹದಿನಾರು ಪುಟ ಪೂರ್ತಿ ತಲೆಕೆಳಗು.

"ಹನ್ನೆರಡು ವರ್ಷದಲ್ಲಿ ಇಂಥ ತಪ್ಪು ಮಾಡಿಲ್ಲ. ಹೊಲಿದ ಮೇಲೆ ಮೊದಲು ಓದಿದವರು ನೀವೇ. ಒಂದು ಮಾತೂ ಆಡಲಿಲ್ಲ, ಚೆನ್ನಾಗಿತ್ತು ಅಂದ್ರಿ. ನನಗೆ ಬೇಜಾರಾಗಬಾರದು ಅಂತ ತಾನೇ?" ಅವನ ಕಿವಿ ಕೆಂಪಾಗಿತ್ತು. "ಇನ್ನೊಬ್ಬರ ತಪ್ಪನ್ನ ಹೀಗೆ ಹೊಟ್ಟೆಗೆ ಹಾಕ್ಕೊಳ್ಳೋರು ಎಷ್ಟು ಜನ ಇದ್ದಾರೆ? ನಂಗೆ ನೀವಂದ್ರೆ ತುಂಬಾ ಇಷ್ಟ. ಹೇಳಿಬಿಟ್ಟೆ ನೋಡಿ."

ಮಿಷನ್ ಸದ್ದು ಗಕ್ಕನೆ ನಿಂತಿತು. ಅತ್ತಿಗೆಗೆ ಈಗ ಮೈಯೆಲ್ಲ ಕಿವಿ.

ಇವಳಿಗೆ ಸಂತೋಷವಾಗಬೇಕಿತ್ತು. ಆದರೆ ಭಯವಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ಇವನು ನನ್ನವನು. ಆದರೆ ಇವನು ಇಷ್ಟಪಟ್ಟವಳು ನಾನಲ್ಲವಲ್ಲ! ಇವತ್ತು ನುಂಗಿಕೊಂಡರೆ ಜೀವನಪೂರ್ತಿ ಹೆದರುತ್ತಲೇ ಇರಬೇಕು.

"ನಾನು ಅದನ್ನ ಓದೇ ಇಲ್ಲ," ಎಂದಳು. "ತಲೆಕೆಳಗಿತ್ತು ಅಂತಾನೂ ಗೊತ್ತಿಲ್ಲ. ಮೂವತ್ತರ ಮೇಲೆ ಏಳೂ ಸುಳ್ಳು."

ಅವನು ಪುಸ್ತಕ ಮುಚ್ಚಿದ. ರಸ್ತೆ ದಾಟಿ ಹೊರಟೇಹೋದ.

"ಹೋಗೇ ಹಿಂದೆ!" ಅತ್ತಿಗೆ ಗದರಿದಳು. "ಕಂಬದ ಹಾಗೆ ನಿಂತಿದ್ದೀಯಲ್ಲ!"

ಕೋಣೆಗೆ ಹೋದಾಗ ಅವನು ಕೆಂಪು ಪೆನ್ಸಿಲಿನಲ್ಲಿ ಮೊಹರುಗಳನ್ನು ಒಂದೊಂದಾಗಿ ಹೊಡೆದುಹಾಕುತ್ತಿದ್ದ. ಮೂವತ್ತೇಳು, ಮೂವತ್ತಾರು, ಮೂವತ್ತೈದು. ಪ್ರತಿ ಗೆರೆಗೂ ಅವಳ ಜೀವ ಹೋಗಿ ಬಂತು.

"ಕೋಪ ಬಂತಾ?"

"ಬಂತು." ಕೊನೆಯದಾಗಿ ಮೂವತ್ತೊಂದನ್ನೂ ಹೊಡೆದ. "ಯಾಕೆ ಹಾಗೆ ಮಾಡಿದ್ರಿ?"

"ಪುಸ್ತಕ ಮುಗಿದರೆ ಮಾತ್ರ ತಾನೇ ಇಲ್ಲಿಗೆ ಬರೋದು? ಒಂದು ವಾರ ಕಾಯೋಕೆ ಆಗ್ತಿರಲಿಲ್ಲ."

ಪೆನ್ಸಿಲ್ ಕೆಳಗಿಟ್ಟ. ಅವನು ತಿರುಗಲಿಲ್ಲ, ಕಿಟಕಿಯ ಕಡೆ ಕೈ ತೋರಿಸಿದ. ಕಿಟಕಿಯಾಚೆ ನೇರ ಎದುರಿಗೆ, ಅಂಗಡಿಯೊಳಗೆ, ಅವಳು ದಿನಾ ಕೂರುವ ಸ್ಟೂಲು.

"ಆ ಹದಿನಾರು ಪುಟ ಹೊಲಿಯುವಾಗ ನೀವು ಅಲ್ಲಿ ಕೂತು ಹಲ್ಲಲ್ಲಿ ದಾರ ಕಡೀತಾ ಇದ್ರಿ," ಎಂದ. "ನಾನು ಪುಟ ನೋಡ್ತಾ ಇರಲಿಲ್ಲ."

ಅವಳಿಗೆ ನಗುವೂ ಬಂತು, ಅಳುವೂ ಬಂತು.

"ಮೂವತ್ತೊಂದನೆಯದು ಇದೇ ಆಗಲಿ," ಎಂದು ಪುಸ್ತಕ ಚಾಚಿದ. "ಮುಗಿಸಿಕೊಂಡು ಬರಬೇಡಿ. ದಿನಾ ಇಲ್ಲೇ ಬಂದು ಓದಿ."

ಆರನೇ ದಿನ ನೂರ ಹನ್ನೆರಡನೇ ಪುಟ ಬಂತು.

"ಬಿಚ್ಚಿ ಸರಿಯಾಗಿ ಹೊಲಿದು ಕೊಡ್ಲಾ?"

"ಮುಟ್ಟಬೇಡಿ ಇದನ್ನ."

ಅವಳು ಪುಸ್ತಕವನ್ನೇ ತಲೆಕೆಳಗು ಮಾಡಿ ಹಿಡಿದಳು. ಅವನು ಪಕ್ಕಕ್ಕೆ ಸ್ಟೂಲು ಎಳೆದು ಕೂತು ಇನ್ನೊಂದು ಅಂಚನ್ನು ಹಿಡಿದುಕೊಂಡ.